ಸೊಟ್ಟ ಕತ್ತಿನ ಬಾಟಲಿ

ಫಳಾರ್!

ಅವಳು ಈಗಷ್ಟೇ ಮೆಚ್ಚಿ ಕೆಳಗಿಟ್ಟಿದ್ದ ಗಾಜಿನ ಬಾಟಲಿಯನ್ನು, ಕಾರ್ಖಾನೆಯ ಕುಲುಮೆಯ ಪಕ್ಕ ನಿಂತಿದ್ದ ಆತ ಎತ್ತಿ ತೊಟ್ಟಿಯೊಳಗೆ ಒಡೆದು ಹಾಕಿದ.

“ಅಯ್ಯೋ! ಎಷ್ಟು ಚೆನ್ನಾಗಿತ್ತಲ್ರೀ!”

“ಒಳಗೊಂದು ಗುಳ್ಳೆ ಇತ್ತು ಮೇಡಂ. ಕರಗಿಸಿ ಮತ್ತೆ ಮಾಡ್ತೀವಿ.”

“ಪೂರ್ತಿ ಹಳೇ ಗಾಜಿನಿಂದಲೇ ಮಾಡೋದು ಅಂತ ಹೊರಗೆ ಬೋರ್ಡ್ ಇದೆ. ನಿಜಾನಾ?”

“ಅರ್ಧ ನಿಜ. ಇನ್ನರ್ಧ ಹೊಸ ಮರಳು. ಬೋರ್ಡ್ ಬರೆಸಿದ್ದು ಮಾಲೀಕರು, ಕುಲುಮೆ ನೋಡ್ಕೊಳ್ಳೋದು ನಾನು.”

ಅವಳಿಗೆ ನಗು ತಡೆಯಲಾಗಲಿಲ್ಲ. ಅಕ್ಕನ ಜೊತೆ ಸೇರಿ ಗಾಜಿನ ನೀರಿನ ಬಾಟಲಿಗಳ ವ್ಯಾಪಾರ ಶುರುಮಾಡಲು ಹೊರಟಿದ್ದ ಅವಳು, ಪರಿಸರಕ್ಕೆ ಹೊರೆಯಾಗದ ಕಾರ್ಖಾನೆ ಹುಡುಕಿ ಹುಡುಕಿ ಸುಸ್ತಾಗಿದ್ದಳು. ಎಲ್ಲ ಕಡೆಯೂ ಬೆಣ್ಣೆಯಂಥ ಮಾತು! ಈ ಮನುಷ್ಯ ಮಾತ್ರ ಗಿರಾಕಿ ಕೈತಪ್ಪಿದರೂ ಸರಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ.

ಆಮೇಲೆ ಅನುಮಾನ ಕೇಳುವ ನೆಪದಲ್ಲಿ ಫೋನು ಶುರುವಾಯಿತು. ಬಾಟಲಿಯ ವಿಷಯ ಮುಗಿದರೂ ಇಬ್ಬರ ಮಾತು ಮುಗಿಯುತ್ತಿರಲಿಲ್ಲ.

“ಏನೇ ಪುಟ್ಟಿ, ಆರಿಸ್ತಿರೋದು ಕಾರ್ಖಾನೆನಾ, ಕುಲುಮೆಯವನನ್ನಾ?” ಅಕ್ಕ ರೇಗಿಸಿದಳು.

“ಸುಮ್ನಿರೇ ಅಕ್ಕ!” ಎಂದಳೇ ಹೊರತು ಇಲ್ಲ ಎನ್ನಲಿಲ್ಲ.

ಎಲ್ಲ ಕಾರ್ಖಾನೆಗಳಿಂದಲೂ ಸ್ಯಾಂಪಲ್ ಬಂದವು. ಪರೀಕ್ಷೆಯಾದ ಮೇಲೆ ಒಂದನ್ನೂ ಇಟ್ಟುಕೊಳ್ಳದೆ, ಮಾಡಿದವರಿಗೇ ಕರಗಿಸಲು ವಾಪಸ್ ಕಳಿಸಬೇಕು. ಅದು ಅವಳೇ ಮಾಡಿದ ನಿಯಮ. ಆತ ಕಳಿಸಿದ್ದರಲ್ಲಿ ಒಂದರ ಕತ್ತು ಸ್ವಲ್ಪ ಸೊಟ್ಟಗಿತ್ತು. ಯಾಕೋ ಅದರ ಮೇಲೇ ಅವಳಿಗೆ ಆಸೆಯಾಯಿತು.

‘ಇದೊಂದನ್ನು ಇಟ್ಟುಕೊಳ್ಳಲೇ?... ಛೆ, ನಿಯಮ ಅಂದರೆ ನನಗೂ ನಿಯಮವೇ!’

ಮನಸ್ಸು ಗಟ್ಟಿ ಮಾಡಿಕೊಂಡು ಕಳಿಸಿಬಿಟ್ಟಳು. ಅಂದಿನಿಂದ ಆತನ ಫೋನು ಬರಲೇ ಇಲ್ಲ. ಅವಳು ಮಾಡಿದರೂ ಎತ್ತಲಿಲ್ಲ.

ಕೊನೆಗೆ ಆಯ್ಕೆ ಮಾಡಿದ್ದು ಅಕ್ಕ. “ಬಾಟಲಿ ಗಟ್ಟಿ, ಮಾತೂ ಗಟ್ಟಿ. ಆ ಕುಲುಮೆಯವನ ಕಾರ್ಖಾನೆಗೇ ಆರ್ಡರ್ ಕೊಡೋಣ” ಎಂದಳು. ಸುದ್ದಿ ಹೇಳಲು ಓಡೋಡಿ ಹೋದರೆ ಆತ ಮುಖ ಎತ್ತಿಯೂ ನೋಡಲಿಲ್ಲ.

“ಆರ್ಡರ್ ವಿಷಯ ಆಫೀಸಲ್ಲಿ ಮಾತಾಡಿ ಮೇಡಂ.”

ಅವಳು ಆತನ ಎದುರಿಗೇ ಬಂದು ನಿಂತಳು. “ನಾನೇನು ತಪ್ಪು ಮಾಡ್ದೆ? ಅದನ್ನಾದ್ರೂ ಹೇಳಿ...”

“ತಪ್ಪೇನಿಲ್ಲ. ಆ ಸೊಟ್ಟ ಕತ್ತಿನ ಬಾಟಲಿ ವಾಪಸ್ ಬಂತಲ್ಲ... ನಿಮ್ಮ ಉತ್ತರ ಅರ್ಥ ಆಯ್ತು. ಅದು ಮೆಷೀನ್ ಮಾಡಿದ್ದಲ್ಲ. ನಿಮಗೋಸ್ಕರ ನಾನೇ ಊದಿ ಮಾಡಿದ್ದು.”



“ಅದು ನಮ್ಮ ನಿಯಮ ಕಣ್ರೀ, ಎಲ್ಲರ ಬಾಟಲಿನೂ ವಾಪಸ್ ಕಳಿಸ್ದೆ! ಅದನ್ನ ಕಳಿಸುವಾಗ ಎಷ್ಟು ಸಂಕಟ ಆಯ್ತು ಗೊತ್ತಾ? ಎಲ್ಲಿದೆ? ಕೊಡಿ ಇಲ್ಲಿ!”

ಆತ ತಲೆ ತಗ್ಗಿಸಿದ. “ಒಡೆದು ಕುಲುಮೆಗೆ ಹಾಕ್ಬಿಟ್ಟೆ.”

“ಒಡೆಯೋಕೆ ಮನಸ್ಸಾದ್ರೂ ಹೇಗೆ ಬಂತು?”

“ಬರ್ಲಿಲ್ಲ. ಕಣ್ಣು ಮುಚ್ಕೊಂಡು ಒಡೆದೆ.”

ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಅದಕ್ಕಿಂತ ಹೆಚ್ಚಾಗಿ ಈ ಪೆದ್ದನ ಮೇಲೆ ಪ್ರೀತಿ ಉಕ್ಕಿ ಬಂತು.

“ಮಾಲೀಕರ ಬೋರ್ಡ್ ಸುಳ್ಳು ಅಂತ ಥಟ್ಟಂತ ಹೇಳ್ತೀರ. ನಿಮ್ಮ ಮನಸ್ಸಲ್ಲಿರೋದನ್ನ ಹೇಳೋಕೆ ಏನಾಗಿತ್ತು? ಬಾಟಲಿ ವಾಪಸ್ ಕಳಿಸ್ದೆ, ನಿಜ. ನಿಮ್ಮನ್ನ ಬಿಟ್ಟುಕೊಡ್ತೀನಿ ಅಂತ ಯಾವಾಗ ಹೇಳ್ದೆ?”

ಆತನ ಕಣ್ಣು ತುಂಬಿತು. “ಇನ್ನೊಂದು ಊದಿ ಕೊಡ್ಲಾ?”

“ಮೊದಲು ಬಾಯಲ್ಲಿ ಹೇಳಿ.”

“ನೀವಂದ್ರೆ... ನನಗೆ ಪ್ರಾಣ.”

“ಕೇಳಿಸ್ಲಿಲ್ಲ!”

“ಸುಳ್ಳು! ಕೇಳಿಸ್ತು. ನಗ್ತಾ ಇದ್ದೀರಲ್ಲ!”

“ಕೇಳಿಸ್ತು... ಆದ್ರೂ ಇನ್ನೊಂದ್ಸಲ ಹೇಳಿ.”

ಆತ ಹತ್ತಿರ ಬಂದು ಇನ್ನೊಮ್ಮೆ ಹೇಳಿದ.