ಗಂಜಿ ಹಾಕದ ಅರಬಿ

"ಮೋಸ ಮಾಡೀರಿ ನೀವು! ಇಂಥಾ ಜಾಳ ಅರಬಿ ಕೊಟ್ಟು ನನಗ ಮೋಸ ಮಾಡೀರಿ!"

ಬ್ರಾಹ್ಮಿ ಗಂಟಲು ಹರಿಯುವಂತೆ ಕೂಗಿದ್ದಳು. ಕೂಗದೆ ಬೇರೆ ದಾರಿಯೇ ಇರಲಿಲ್ಲ. ಬೋರಗಾಂವದ ಆ ಶೆಡ್ಡಿನಲ್ಲಿ ಪವರ್‌ಲೂಮ್‌ಗಳು ಒಂದೇ ಸಮನೆ ಖಟಖಟ ಬಡಿದುಕೊಳ್ಳುತ್ತಿದ್ದವು. ಎದುರಿಗೆ ನಿಂತ ಮಗ್ಗದ ಮಾಲೀಕ ಸಮ್ಮೇದ "ಏನಂದ್ರಿ? ಏನಂದ್ರಿ?" ಎಂದು ಕಿವಿ ಮುಂದೆ ಮಾಡುತ್ತಲೇ ಇದ್ದ. ಕೊನೆಗೆ ಅವಳು ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಬಾಯಿ ತೆಗೆದಳು ನೋಡಿ...

ಸರಿಯಾಗಿ ಆಗಲೇ ಕರೆಂಟು ಹೋಯಿತು!

ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಅವಳ ಮಾತು ಮಾತ್ರ ನಿಲ್ಲಲಿಲ್ಲ. ಶೆಡ್ಡಿನ ಆ ತುದಿಯಲ್ಲಿ ನೂಲು ಸುತ್ತುತ್ತಿದ್ದವರಿಗೂ ಸ್ಪಷ್ಟವಾಗಿ ಕೇಳಿಸಿತು. ಎಲ್ಲರೂ ತಿರುಗಿ ನೋಡಿದರು. ಹಳೆಯ ನೇಕಾರ ತುಕಾರಾಮ ಕಾಕಾ "ಅರೇ ದೇವಾ..." ಎಂದು ಹಣೆ ಒರೆಸಿಕೊಂಡ.

ಸಮ್ಮೇದನ ಮುಖ ಸಪ್ಪಗಾಯಿತು. ಅವನು ಅವಳ ಕೈಯಲ್ಲಿದ್ದ ಬಟ್ಟೆಯ ಚೀಲ ನೋಡಿದ. ಬೆಲ್ಲದ ಪುಡಿ ತೇವ ಕುಡಿದು ಚೀಲಕ್ಕೆ ಅಂಟಿಕೊಂಡಿತ್ತು, ಅರ್ಧ ಜಾಳು ನೇಯ್ಗೆಯ ಸಂದಿನಿಂದ ಹೊರಗೆ ಸೋರಿತ್ತು.

"ಚೀಲ ಎಲ್ಲಾ ವಾಪಸ್ ಕಳಸ್ರಿ," ಎಂದ ಮೆಲ್ಲಗೆ. "ನಾನ ತಗೋತೀನಿ."

ಅಷ್ಟೇ! ಜಗಳವಿಲ್ಲ, ಸಮಜಾಯಿಷಿ ಇಲ್ಲ. ಬ್ರಾಹ್ಮಿಗೆ ಅದೇ ಹೆಚ್ಚು ಸಿಟ್ಟು ತರಿಸಿತು.

ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕುಳಿತಾಗ ಅವಳ ಕಣ್ಣು ತುಂಬಿ ಬಂದವು. 'ಹೀಂಗ ಭೆಟ್ಟಿ ಆಗಬೇಕಂತ ಅನ್ಕೊಂಡಿದ್ನೇನು ನಾನು...?'

ಯಾಕೆಂದರೆ ಅವರಿಬ್ಬರು ಮುಖ ನೋಡಿದ್ದು ಅವತ್ತೇ ಮೊದಲು. ಆದರೆ ದನಿಯ ಪರಿಚಯ ಬೇಸಿಗೆಯಿಂದಲೂ ಇತ್ತು. ಚೀಲದ ಅಳತೆ ಕೇಳಲು ಶುರುವಾದ ಫೋನು ಮಳೆ, ಬೆಳೆ, ಅವಳ ಅಜ್ಜಿ ಆಯಿಯ ಮಂಡಿನೋವಿನವರೆಗೂ ಬೆಳೆದಿತ್ತು. ಸಂಜೆ ಫೋನು ರಿಂಗಾದರೆ ಅವಳು ಒಲೆಯ ಮೇಲಿನ ಹಾಲು ಮರೆತು ಓಡುತ್ತಿದ್ದಳು. ಹಾಲು ಉಕ್ಕಿದ್ದಕ್ಕೆ ಬೈಸಿಕೊಂಡದ್ದೂ ಉಂಟು. ಇದಕ್ಕೆ ಏನೆನ್ನುತ್ತಾರೋ ನಿಮಗೆ ಗೊತ್ತು. ಅವಳಿಗೂ ಗೊತ್ತಿತ್ತು, ಒಪ್ಪಿಕೊಂಡಿರಲಿಲ್ಲ, ಅಷ್ಟೇ.

*

ಬ್ರಾಹ್ಮಿಯದು ಅಲಖನೂರ. ಮನೆಯ ಹಿಂದೆಯೇ ಕಬ್ಬಿನ ಹೊಲ, ಹೊಲದ ಅಂಚಿಗೆ ಅಪ್ಪ ಜಿನ್ನಪ್ಪನ ಬೆಲ್ಲದ ಗಾಣ. ಚಿಕ್ಕೋಡಿಯಲ್ಲಿ ಕಾಲೇಜು ಮುಗಿಸಿ ಬಂದವಳು ಆ ಬೆಲ್ಲಕ್ಕೆ 'ಆಯಿ ಬೆಲ್ಲ' ಎಂದು ಹೆಸರಿಟ್ಟು ತಾನೇ ಮಾರಲು ನಿಂತಿದ್ದಳು. ಮೊದಲು ಪ್ಲಾಸ್ಟಿಕ್ ಪಾಕೀಟಿನಲ್ಲೇ ತುಂಬುತ್ತಿದ್ದರು. ಒಂದು ದಿನ ಕಾಲುವೆಯಲ್ಲಿ ತನ್ನದೇ ಬೆಲ್ಲದ ಖಾಲಿ ಪಾಕೀಟುಗಳು ತೇಲುವುದನ್ನು ಕಂಡಳು. ಅದರ ಮೇಲೆ ಆಯಿಯ ನಗುವ ಚಿತ್ರ! ಅವತ್ತು ರಾತ್ರಿ ಅವಳಿಗೆ ಊಟ ಸೇರಲಿಲ್ಲ.

"ಸಾಬೂನಿನವ್ರು ಕಾಗದಕ್ಕ ಬಂದಾರ, ಚಹಾದವ್ರು ಅರಬಿ ಚೀಲಕ್ಕ ಬಂದಾರ. ನಾವ್ಯಾಕ ಬರಬಾರದಪ್ಪಾ?" ಎಂದು ಬೆನ್ನು ಹತ್ತಿದ್ದಳು. ಪುಣೆಯ ಒಂದು ಚಹಾ ಕಂಪನಿ ತನ್ನ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಇಲ್ಲದ ಬೆಲ್ಲ ಇಡಲು ಒಪ್ಪಿದ ಮೇಲೆ ಅಪ್ಪ ಹೂಂ ಅಂದಿದ್ದ.

ಈಗ ಆ ಕಂಪನಿಯೇ ಮಾಲು ತಿರುಗಿ ಕಳಿಸಿತ್ತು.

"ಸಾಕವ್ವಾ ನಿನ್ನ ಹೊಸಾ ಪದ್ಧತಿ," ಎಂದ ಜಿನ್ನಪ್ಪ. ಸಿಟ್ಟಿರಲಿಲ್ಲ, ಬೇಸರವಿತ್ತು. "ದಶಲಕ್ಷಣ ಪರ್ವ ಮುಗೀಲಿ. ಮತ್ತ ಪಾಕೀಟ ತರಸ್ತೀನಿ."

ಆಯಿಯ ನಗುವ ಮುಖ ಮತ್ತೆ ಕಾಲುವೆಗೆ ಹೋಗುವುದು ಬ್ರಾಹ್ಮಿಯ ಕಣ್ಣಿಗೆ ಕಟ್ಟಿತು.

*

ಅಜ್ಜಿ ಸುಂದರಾಬಾಯಿಗೆ ಮನೆಯಲ್ಲಿ ಎಲ್ಲರೂ ಆಯಿ ಎನ್ನುತ್ತಿದ್ದರು. ಜೈನ ಮನೆತನದ ಅವಳು ಸೋಸದ ನೀರು ಮುಟ್ಟಿದವಳಲ್ಲ. ನೀರಿನಲ್ಲಿರುವ ಸಣ್ಣ ಜೀವಕ್ಕೂ ನೋವಾಗಬಾರದೆಂದು ಕೊಡದ ಬಾಯಿಗೆ ಮಡಿಚಿದ ಬಟ್ಟೆ ಕಟ್ಟಿ, ನಿಧಾನಕ್ಕೆ ನೀರು ಸುರಿಯುವವಳು. ಮರುದಿನ ಬೆಳಿಗ್ಗೆ, ತಿರುಗಿ ಬಂದ ಒಂದು ಚೀಲದ ಹೊಲಿಗೆ ಬಿಚ್ಚಿ, ತೊಳೆಯಲು ಕುಳಿತಿದ್ದಳು.

"ಬ್ರಾಹ್ಮೀ, ಬಾ ಇಲ್ಲಿ. ಈ ಅರಬಿ ಎಲ್ಲೀದಬೇ?"

"ಅದ ಆಯಿ, ಬೋರಗಾಂವದ ಮೋಸದ ಅರಬಿ."

"ಮೋಸದ್ದಲ್ಲ ಇದು! ನೀರ ನೋಡು. ಬೆಲ್ಲದ ಬಣ್ಣ ಹೋದ ಮ್ಯಾಲೆ ಎಷ್ಟ ತಿಳಿ ಐತಿ. ಹೊಸಾ ಅರಬಿ ತೊಳದ್ರ ನೀರು ಹಾಲಿನಂಗ ಆಗಬೇಕು, ಗಂಜಿ ಬಿಡ್ತೈತಿ. ಇದಕ್ಕ ಗಂಜೀನ ಹಾಕಿಲ್ಲ."

"ಹಾಕಿಲ್ದಿದ್ರ ಏನಾತು?"

"ಏನಾತು ಅಂತಿ! ನೂಲಿನ ಗಂಜಿಯಾಗ ಕೆಲವು ಕಡೆ ಪ್ರಾಣಿ ಕೊಬ್ಬು ಕೂಡಸ್ತಾರಂತ ನಮ್ಮಪ್ಪ ಹೇಳ್ತಿದ್ದ. ಅದಕ್ಕ ನನ್ನ ತವರಮನ್ಯಾಗ ನೀರು ಸೋಸೂ ಅರಬಿ ಗಂಜಿ ಇಲ್ದನ ನೇಯಸ್ತಿದ್ರು. ಜೀವದಯಾ ಇದ್ದವ್ರು ಯಾರೋ ನೇಯ್ದಾರ ಇದನ್ನ."

ಬ್ರಾಹ್ಮಿಗೆ ತಾನಾಡಿದ ಒಂದು ಮಾತು ನೆನಪಾಯಿತು.

ಒಮ್ಮೆ ಫೋನಿನಲ್ಲಿ ಅವಳೇ ನಗುತ್ತ ಹೇಳಿದ್ದಳು... "ನಮ್ಮ ಆಯಿ ಅಗದೀ ಕಟ್ಟುನಿಟ್ಟರಿ. ನಮ್ಮ ಬೆಲ್ಲಾ ಅಕೀನ ಮೊದಲು ಬಾಯಾಗ ಹಾಕೋಬೇಕು, ಆಮ್ಯಾಲೆ ಊರಿಗೆ." ಆ ಕಡೆಯಿಂದ ಸಮ್ಮೇದ "ಹೌದೇನ್ರಿ?" ಎಂದಿದ್ದ.

ಅವಳು ಕೂಡಲೇ ಸಮ್ಮೇದನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಶೆಡ್ಡಿನ ನಂಬರಿಗೆ ಮಾಡಿದಳು. ಎತ್ತಿದ್ದು ತುಕಾರಾಮ ಕಾಕಾ.

"ಹೌದ್ರಿ ತಾಯಿ, ಗಂಜಿ ಹಾಕಿಲ್ಲ. ಹೊರಗಿಂದ ಹಾಕಿಸಿದ್ರ ಅದ್ರಾಗ ಏನ ಇರ್ತೈತೋ ಗ್ಯಾರಂಟಿ ಇಲ್ಲಂದ್ರು ಮಾಲಕ್ರು. ಜೋಡ ಎಳಿ ನೂಲು ತಂದು, ಮಗ್ಗ ಸಾವಕಾಶ ಬಿಟ್ಟು ನೇಯ್ದ್ರು. ಗಂಜಿ ಇಲ್ಲಂದ್ರ ಎಳಿ ಬಾಳ ಹರಿತಾವ್ರಿ, ಒತ್ತಾಗಿ ನೇಯಾಕ ಬರೂದಿಲ್ಲ, ಅದಕ್ಕ ಅರಬಿ ಜಾಳ ಆಗ್ತೈತಿ. ಹರದಾಗೊಮ್ಮೆ ತಾವ ನಿಂತು ಗಂಟ ಹಾಕಿದ್ರು. ನಮಗ ಮುಟ್ಟಾಕ ಬಿಡಲಿಲ್ಲ ನೋಡ್ರಿ!"

"ನನಗ ಯಾಕ ಹೇಳಲಿಲ್ಲ ಕಾಕಾ...?"

"ಅದನ್ನ ನೀವ ಕೇಳ್ರಿ ಅವ್ರನ್ನ," ಎಂದು ಕಾಕಾ ಫೋನಿಟ್ಟ.

ಅವಳು ಆ ಒದ್ದೆ ಬಟ್ಟೆಯನ್ನು ಎದೆಗೊತ್ತಿಕೊಂಡು ಕುಳಿತುಬಿಟ್ಟಳು. 'ನಾನು ಎಲ್ಲಾರ ಮುಂದ ಮೋಸಗಾರ ಅಂದೆ... ಅವ್ರು ತುಟಿ ಬಿಚ್ಚಲಿಲ್ಲ!'

*

ಪರ್ವಕ್ಕೆ ಮುಂಚೆ ಹೊಸ ಹಂಗಾಮಿನ ಮೊದಲ ಪಾಕ ಇಳಿಯಿತು. ಗಾಣದಲ್ಲಿ ಬಕೆಟ್ಟಿನೊಳಗೆ ಒದ್ದೆ ಬಟ್ಟೆ ಹಾಸಿ ಬಿಸಿ ಪಾಕ ಸುರಿಯುವುದು ರೂಢಿ. ಆರಿದ ಮೇಲೆ ಬಟ್ಟೆ ಹಿಡಿದು ಎತ್ತಿದರೆ ಬೆಲ್ಲದ ಗಟ್ಟಿ ಪೆಂಟೆ ಹೊರಗೆ ಬರುತ್ತದೆ. ಹುಟ್ಟಿದಾಗಿನಿಂದ ನೋಡಿದ್ದ ಕೆಲಸ ಅದು. ಅವತ್ತು ಮಾತ್ರ ಬ್ರಾಹ್ಮಿ ನೋಡುತ್ತ ನಿಂತುಬಿಟ್ಟಳು.

ಪುಡಿ ಯಾಕೆ ಬೇಕು? ಬಟ್ಟೆಯನ್ನು ಯಾಕೆ ತೆಗೆಯಬೇಕು?

ಸಮ್ಮೇದ ಕೊಟ್ಟ ಚೀಲಗಳನ್ನು ಬಿಚ್ಚಿ, ತೊಳೆದು, ಆ ಬಟ್ಟೆಯ ಚೌಕಗಳನ್ನು ಸಣ್ಣ ಬಟ್ಟಲುಗಳಲ್ಲಿ ಹಾಸಿ ಪಾಕ ಸುರಿದಳು. ಜಾಳು ನೇಯ್ಗೆಯಿಂದ ಉಗಿ ಸಲೀಸಾಗಿ ಹೊರಟಿತು. ಬೆಲ್ಲ ಗಟ್ಟಿಯಾದಾಗ ನಾಲ್ಕು ಅಂಚು ಸೇರಿಸಿ ಗಂಟು ಹಾಕಿದಳು. ಅಂಟಲಿಲ್ಲ, ಸೋರಲಿಲ್ಲ. ಬಿಚ್ಚಿ ತೊಳೆದರೆ ಅದೇ ಬಟ್ಟೆ ನೀರು ಸೋಸಲು ಬರುತ್ತಿತ್ತು. ಆಯಿ ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

ಪುಣೆಯವರು ಫೋಟೋ ನೋಡಿ "ಇದನ್ನ ಕಳಸ್ರಿ, ನೋಡ್ತೀವಿ" ಎಂದರು. ಜಿನ್ನಪ್ಪ ಪೆಂಟೆಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ.

"ಛಲೋ ಐತಿ. ಆದ್ರ ಆ ಹುಡುಗ ನಿನಗ ಮತ್ತ ನೇಯ್ದ ಕೊಡ್ತಾನೇನು? ಅವ ಒಪ್ಪಿದ್ರ ಮಾಡು. ಇಲ್ಲಾಂದ್ರ ಪಾಕೀಟ."

ತಪ್ಪು ಚೀಲದ್ದಾಗಿರಲಿಲ್ಲ. ಅದರಲ್ಲಿ ಪುಡಿ ತುಂಬಿದ ತನ್ನದು. ಅದನ್ನು ಅವನ ಮುಖ ನೋಡಿ ಹೇಳಬೇಕಿತ್ತು.

*

ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂತು. ವರ್ಷದಲ್ಲಿ ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ತಪ್ಪಿಗೆ ಎಲ್ಲರೂ ಎಲ್ಲರಲ್ಲಿ ಕ್ಷಮೆ ಕೇಳುವ ದಿನ. ಆಯಿಯ ತವರು ಬೋರಗಾಂವವೇ ಆಗಿದ್ದರಿಂದ ಬ್ರಾಹ್ಮಿ ಅವಳನ್ನು ಹೊರಡಿಸಿದಳು. ಮಂಡಿನೋವಿನ ಆಯಿ ಮೊಮ್ಮಗಳ ಮುಖ ನೋಡಿ ಒಳಗೇ ನಕ್ಕು ಬಸ್ಸು ಹತ್ತಿದಳು.

ಬಸದಿಯ ಅಂಗಳದಲ್ಲಿ ಜನ ಕೈಮುಗಿಯುತ್ತ ಒಬ್ಬರಿಂದೊಬ್ಬರಿಗೆ ಸರಿಯುತ್ತಿದ್ದರು. "ಉತ್ತಮ ಕ್ಷಮಾ", "ಉತ್ತಮ ಕ್ಷಮಾ"... ಬಿಳಿ ಅಂಗಿಯ ಸಮ್ಮೇದ ಅವಳ ಮುಂದೆ ಬಂದು ನಿಂತ.

"ಉತ್ತಮ ಕ್ಷಮಾ," ಎಂದಳು.

"ಉತ್ತಮ ಕ್ಷಮಾ," ಎಂದು ಅವನೂ ಕೈಮುಗಿದು ಮುಂದೆ ಹೊರಟ!

"ತಡೀರಿ! ನಾ ಖರೇನ ಕೇಳಾಕತ್ತೀನಿ."

ಅವನು ತಿರುಗಿದ. ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

"ಇವತ್ತ ಎಲ್ಲಾರೂ ಎಲ್ಲಾರಿಗೂ ಕೇಳ್ತಾರ್ರಿ ಬ್ರಾಹ್ಮಿ ಅವ್ರ. ಈಗಷ್ಟ ಹಾಲಿನ ಡೇರಿಯವ್ನೂ ಕೇಳಿ ಹೋದ. ಅದು ಪರ್ವದ ಮಾತು. ಅದ್ರಾಗ ನಿಮ್ಮದು ಯಾವ್ದಂತ ನನಗ ಹೆಂಗ ತಿಳೀಬೇಕು?"

ಅವನು ಹೋದ. ಹಿಂದಿದ್ದ ಅಜ್ಜಿಯೊಬ್ಬಳು ಬ್ರಾಹ್ಮಿಗೆ ಕೈಮುಗಿದು "ಉತ್ತಮ ಕ್ಷಮಾ ಮಗಳ" ಎಂದಳು. ಬ್ರಾಹ್ಮಿ ಅಳು ನುಂಗಿಕೊಂಡು ಕೈಮುಗಿದಳು.

'ಖರೇನ ಅಂದ್ರು ಅವ್ರು... ಬೈಯಾಕ ನಾ ಹಬ್ಬ ಕಾದಿದ್ನೇನು?'

*

ಆ ರಾತ್ರಿ ಅಜ್ಜಿ ಮೊಮ್ಮಗಳಿಬ್ಬರೂ ಆಯಿಯ ತವರಿನಲ್ಲೇ ಉಳಿದರು. ಮರುದಿನ ಯಾವ ಹಬ್ಬವೂ ಇರಲಿಲ್ಲ. ಬೆಳಿಗ್ಗೆ ಬ್ರಾಹ್ಮಿ ಬೆಲ್ಲದ ಗಂಟು ಹಿಡಿದು ಶೆಡ್ಡಿಗೆ ಬಂದಳು. ಮಗ್ಗಗಳು ಖಟಖಟ ನಡೆದಿದ್ದವು. ಸಮ್ಮೇದ ಎಳೆ ಜೋಡಿಸುತ್ತಿದ್ದವನು ತಲೆ ಎತ್ತಿದ.

ಅವಳು ಕರೆಂಟು ಹೋಗಲೆಂದು ಕಾದಳು. ಹೋಗಲಿಲ್ಲ! ಬೇಡವಾದಾಗ ಹೋಗುವ ಕರೆಂಟು ಬೇಕಾದಾಗ ಎಲ್ಲಿ ಹೋಗುತ್ತದೆ?

ಅವಳು ಸೀದಾ ಗೋಡೆಯ ಹತ್ತಿರ ಹೋಗಿ ಮೇನ್ ಸ್ವಿಚ್ ಕೆಳಗೆಳೆದಳು.

ಶೆಡ್ಡು ಸ್ತಬ್ಧವಾಯಿತು. ಎಲ್ಲರೂ ತಿರುಗಿದರು. ತುಕಾರಾಮ ಕಾಕಾ ಬಾಯಿಯ ಹತ್ತಿರ ಹಿಡಿದ ಚಹಾ ಹಾಗೇ ಹಿಡಿದಿದ್ದ.

"ಅವತ್ತ ನಾ ಬೈದಿದ್ದು ನೀವೆಲ್ಲಾ ಕೇಳೀರಿ," ಎಂದಳು. "ಇದನ್ನೂ ಕೇಳ್ರಿ. ಇವ್ರು ಮೋಸ ಮಾಡಿಲ್ಲ. ನಮ್ಮ ಆಯಿ ಬಾಯಿಗೆ ಹೋಗೂ ಬೆಲ್ಲಾ ಅಂತ ಗಂಜಿ ಇಲ್ದ ನೇಯ್ದಾರ. ಅದ್ರಾಗ ಪುಡಿ ತುಂಬಿದಾಕಿ ನಾನು, ತಪ್ಪು ನಂದು. ಸಮ್ಮೇದ ಅವ್ರ, ಇವತ್ತ ಯಾವ ಪರ್ವಾನೂ ಇಲ್ಲ. ನನ್ನ ಕ್ಷಮಿಸ್ರಿ."

ಸಮ್ಮೇದ ಹತ್ತಿರ ಬಂದು ಬೆಲ್ಲದ ಗಂಟು ಕೈಗೆ ತೆಗೆದುಕೊಂಡ. ತಾನೇ ನೇಯ್ದ ಬಟ್ಟೆಯ ಮೇಲೆ ಬೆರಳಾಡಿಸಿದ.

"ತಪ್ಪು ನಂದೂ ಐತ್ರಿ. ಜಾಳ ಆಗೈತಿ, ಪುಡಿ ತುಂಬಬ್ಯಾಡ್ರಿ ಅಂತ ಹೇಳಬೇಕಿತ್ತು."

"ಯಾಕ ಹೇಳಲಿಲ್ಲ? ಗಂಜಿ ಮಾತಾದ್ರೂ ಹೇಳಬಾರದಿತ್ತಾ?"

"ಹೇಳಿದ್ರ ಉಪಕಾರದ ಲೆಕ್ಕ ಆಗ್ತಿತ್ತು." ಅವನು ದನಿ ತಗ್ಗಿಸಿದ. "ನನಗ ಅದು ಬ್ಯಾಡಾಗಿತ್ತು. ಸಂಜಿಕ್ಕ ನಿಮ್ಮ ಫೋನ್ ಬಂದ್ರ ಸಾಕಿತ್ತು. ನೀವು ಬೈದ ದಿನದಿಂದ ಆ ಫೋನೂ ಹೋತಲ್ಲಾ ಅಂತ... ಅದ ನನಗ ದೊಡ್ಡ ಸಂಕಟ ಆಗಿತ್ತು."

ಬ್ರಾಹ್ಮಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

"ಫೋನ್ ಮಾಡಿದ್ನಲ್ಲಾ! ನೀವ ಎತ್ತಲಿಲ್ಲ!"

"ಸಿಟ್ಟು ಬಂದಿತ್ರಿ. ನಾನೂ ಮನಷ್ಯಾ ಅಲ್ಲೇನು?"

ಯಾರೋ ಕಿಸಕ್ಕನೆ ನಕ್ಕರು. ಕಾಕಾ ಕೆಮ್ಮಿ, "ಮಾಲಕ್ರ, ಮಗ್ಗ ಚಾಲೂ ಮಾಡೂಣೇನ್ರಿ?" ಎಂದ.

"ನೇಯ್ತೀರಲ್ಲ ಮತ್ತ? ನಮ್ಮ ಬೆಲ್ಲಕ್ಕ?" ಎಂದು ಕೇಳಿದಳು ಬ್ರಾಹ್ಮಿ. ಅಪ್ಪನ ಮಾತು ಅವಳಿಗೆ ನೆನಪಿತ್ತು.

"ನೇಯ್ತೀನಿ. ಗಂಜಿ ಇಲ್ದನ."

ಅವಳು ಮತ್ತೆ ಗೋಡೆಯ ಹತ್ತಿರ ಹೋದಳು. "ಇನ್ನೊಂದ ಮಾತ ಉಳದೈತ್ರಿ. ಅದು ಎಲ್ಲಾರಿಗೂ ಕೇಳಸೂದು ಬ್ಯಾಡ," ಎಂದು ಸ್ವಿಚ್ ಮೇಲಕ್ಕೆತ್ತಿದಳು.

ಮಗ್ಗಗಳೆಲ್ಲ ಒಮ್ಮೆಲೇ ಗದ್ದಲವೆಬ್ಬಿಸಿದವು. ಆ ಗದ್ದಲದ ನಡುವೆ ಬ್ರಾಹ್ಮಿ ಅವನ ಕಿವಿಯ ಹತ್ತಿರ ಹೋಗಿ, ಬೇಸಿಗೆಯಿಂದ ಒಪ್ಪಿಕೊಳ್ಳದೆ ಇಟ್ಟುಕೊಂಡಿದ್ದ ಮಾತನ್ನು ಹೇಳಿಬಿಟ್ಟಳು.

ಸಮ್ಮೇದನ ಮುಖ ಕೆಂಪಗಾಯಿತು. ಆದರೂ ಕೈಯನ್ನು ಕಿವಿಗೆ ಹಿಡಿದು ಕೂಗಿದ, "ಏನಂದ್ರಿ? ಕೇಳಿಸ್ಲಿಲ್ಲ!"

"ಸುಳ್ಳ ಹೇಳಬ್ಯಾಡ್ರಿ! ಖರೇನ ಕೇಳಿಸ್ಲಿಲ್ಲಂದ್ರ ನಾಳಿ ಬಂದು ಹೇಳ್ತೀನಿ!"

"ನಾಳಿನೂ ಕೇಳಸೂದಿಲ್ಲ ನನಗ!" ಎಂದ ಅವನು ನಗುತ್ತ. "ದಿನಾ ಹೇಳಬೇಕಾಗ್ತೈತಿ, ನೋಡ್ರಿ!"