ಒಂದು ಸೇರು ಚೆರಿ

ಎಣಿಸಿದಾಗ ಇಪ್ಪತ್ತನಾಲ್ಕು ತಲೆಗಳಿದ್ದವು. ಇರಬೇಕಾದದ್ದು ಇಪ್ಪತ್ತಾರು.

ಪ್ರವಾಸಿಗರ ಗುಂಪನ್ನು ನಡೆಸುವ ಲತೇಶ ಬಸ್ಸಿನ ಮೆಟ್ಟಿಲಲ್ಲಿ ನಿಂತು ಇನ್ನೊಮ್ಮೆ ಎಣಿಸಿದ. ಮಂಗಳೂರಿನಿಂದ ಹೊರಟ ಪ್ರವಾಸದ ಆರನೆಯ ದಿನ ಅದು. ಪ್ಯಾರಿಸ್ಸಿನ ಗದ್ದಲ ಮುಗಿಸಿ, ಗೋಧಿ ಹೊಲಗಳ ನಡುವೆ ನಾಲ್ಕು ತಾಸು ಓಡಿ, ಬಸ್ಸು ಮೊಂತ್ರಿವೆಲ್ ಎಂಬ ಹಳೆಯ ಸಂತೆಯೂರಿಗೆ ಬಂದಿತ್ತು. ಊರೆಂದರೆ ಒಂದು ಚೌಕ. ಚೌಕದ ನಡುವೆ ಮರದ ಕಂಬಗಳ ಮೇಲೆ ನಿಂತ ದೊಡ್ಡ ಹೆಂಚಿನ ಮಾಡು. ಸುತ್ತ ಜೇನಿನ ಬಣ್ಣದ ಕಲ್ಲುಮನೆಗಳು. ಆ ಮಾಡಿನ ಕೆಳಗೆ ಏಳುನೂರು ವರ್ಷಗಳಿಂದ ಪ್ರತಿ ಶನಿವಾರ ಸಂತೆ ಸೇರುತ್ತದಂತೆ.

ಕಾಣೆಯಾದವರು ಯಾರೆಂದು ತಿಳಿಯಲು ಪಟ್ಟಿ ಬೇಕಿರಲಿಲ್ಲ. ಏಳನೆಯ ಸೀಟು ಸುರತ್ಕಲ್ಲಿನ ಅಮ್ಮಣಿಯಕ್ಕನದು. ಎಂಟನೆಯದು ಅವರ ತಮ್ಮನ ಮಗಳು ಪ್ರಾಪ್ತಿಯದು. ಎಂಟನೆಯ ಸೀಟು ಖಾಲಿಯಿದ್ದರೆ ಬಸ್ಸೇ ಖಾಲಿ ಎನ್ನಿಸತೊಡಗಿ ಅವನಿಗೆ ಮೂರು ದಿನಗಳಾಗಿದ್ದವು.

ಹುಡುಕಿಕೊಂಡು ಹೋದರೆ, ಅಮ್ಮಣಿಯಕ್ಕ ತರಕಾರಿಯವಳೆದುರು ನಿಂತು ಅಲಸಂಡೆಯಂಥ ಕಾಯನ್ನು ಚಟ್ಟನೆ ಮುರಿದು ನೋಡುತ್ತಿದ್ದರು. ತರಕಾರಿಯವಳು ಹುಬ್ಬು ಗಂಟಿಕ್ಕಿ ಫ್ರೆಂಚಿನಲ್ಲಿ ಏನೋ ಅಂದಳು. ಅಮ್ಮಣಿಯಕ್ಕ ತುಳುವಿನಲ್ಲಿ ಉತ್ತರ ಕೊಟ್ಟರು. ಆಕೆ ತಾನೂ ಒಂದು ಕಾಯಿ ಮುರಿದು, ಎಳೆಯದು ನೋಡು ಎಂಬಂತೆ ಮುಖದ ಮುಂದೆ ಹಿಡಿದಳು.

"ಅಮ್ಮಣಿಯಕ್ಕ, ಬಸ್ಸು ಕಾಯ್ತಾ ಉಂಟು."

"ಕಾಯಲಿ ಮಾರಾಯ. ನಮ್ಮಿಬ್ಬರದ್ದು ಮಾತು ಮುಗಿಲಿಲ್ಲ."

"ಪ್ರಾಪ್ತಿಯವರೆಲ್ಲಿ?"

"ನಿನ್ನ ಹಿಂದೆಯೇ ಇದ್ದಾಳೆ. ಎರಡು ಸಲ ಕರೆದಳು."

ತಿರುಗಿದ. ಕಂಬವೊಂದಕ್ಕೆ ಒರಗಿ, ಕಾಗದದ ಪೊಟ್ಟಣದ ತುಂಬ ಕೆಂಪು ಚೆರಿ ಹಿಡಿದುಕೊಂಡು ಅವಳು ನಿಂತಿದ್ದಳು. ಕಣ್ಣಿನಲ್ಲಿ ನಗು ಇತ್ತು; ತುಟಿಗಳು ಅದನ್ನು ಇನ್ನೂ ಒಪ್ಪಿಕೊಂಡಿರಲಿಲ್ಲ.

"ಕೇಳಿಸಲಿಲ್ವಾ?"

"ಸಂತೆಯ ಗಲಾಟೆಯಲ್ಲಿ..."

"ಎಪ್ಪತ್ತು ಡೆಸಿಬಲ್ ಇರಬಹುದು, ಅಷ್ಟೇ." ಕಂಕನಾಡಿಯ ಆಸ್ಪತ್ರೆಯೊಂದರಲ್ಲಿ ಕಿವಿ ಪರೀಕ್ಷೆ ಮಾಡುವುದು ಅವಳ ಕೆಲಸ. "ಕಿವಿ ಕೇಳದವರನ್ನು ನಾನು ದಿನಾ ನೋಡ್ತೇನೆ. ಕೇಳಿಸಿಯೂ ಸುಮ್ಮನಿರುವವರದ್ದು ಬೇರೆಯೇ ಕೇಸು."

ಅಜ್ಜನ ತೊಡೆಯ ಮೇಲೆ ಕುಳಿತು ತಾಳಮದ್ದಳೆಯ ಮಾತುಗಾರಿಕೆ ಕೇಳುತ್ತ ಬೆಳೆದವನು ಲತೇಶ. ಕೃಷ್ಣನ ಮಾತನ್ನೂ ಕೇಳಿದ, ಕೌರವನ ಮಾತನ್ನೂ ಕೇಳಿದ. ತನ್ನ ಸರದಿ ಬಂದಾಗ ಆಡುವುದನ್ನು ಮಾತ್ರ ಕಲಿಯಲಿಲ್ಲ.

ಅವಳೇ ಮಾತು ಬದಲಿಸಿದಳು. "ಇದೆಂತ ಇದು?"

ಕಂಬದ ಬುಡದಲ್ಲಿ ಉದ್ದನೆಯ ಕಲ್ಲು. ಕಲ್ಲಿನಲ್ಲಿ ದೊಡ್ಡದು, ನಡುವಿನದು, ಚಿಕ್ಕದು ಎಂದು ಮೂರು ಗುಳಿ. ಇದಕ್ಕೆ ಮಾತ್ರ ಅವನ ಬಳಿ ಉತ್ತರವಿತ್ತು. "ಧಾನ್ಯದ ಅಳತೆ. ಸಂತೆಗೆ ಬಂದವರೆಲ್ಲ ಇದರಲ್ಲೇ ಅಳೀಬೇಕಿತ್ತಂತೆ. ಯಾರಿಗೂ ಮೋಸ ಆಗಬಾರದಲ್ಲ."

ಅಮ್ಮಣಿಯಕ್ಕ ಬಂದು ಚಿಕ್ಕ ಗುಳಿಯೊಳಗೆ ಕೈಯಿಟ್ಟು ನೋಡಿದರು. "ಇದು ನಮ್ಮ ಸೇರೇ. ಇಷ್ಟು ದೂರ ಬಂದು ಮತ್ತೆ ಅಕ್ಕಿ ಅಳೆಯುವ ಸೇರು ನೋಡ್ಬೇಕಾಯ್ತು."

ಪ್ರಾಪ್ತಿ ಪೊಟ್ಟಣವನ್ನು ಗುಳಿಗೆ ಸುರಿದಳು. ತುಂಬಿ ಮೇಲೆದ್ದ ಹಣ್ಣುಗಳನ್ನು ಅಂಗೈಯಿಂದ ಸವರಿ ಸಮ ಮಾಡಹೊರಟಳು. ಅಮ್ಮಣಿಯಕ್ಕ ಅವಳ ಕೈಗೊಂದು ಪೆಟ್ಟು ಕೊಟ್ಟರು.

"ತಲೆ ಸವರ್ಬೇಡ. ಪ್ರೀತಿಯಿಂದ ಕೊಡುವಾಗ ಸೇರಿನ ಮೇಲೆ ಗೋಪುರ ನಿಲ್ಬೇಕು."

"ಯಾರಿಗೆ ಕೊಡುವುದು ಮಾಮಿ?"

"ಎದುರು ಯಾರಿದ್ದಾರೋ ಅವರಿಗೆ."

ಎದುರು ಲತೇಶನಿದ್ದ. ಕೈಚೀಲವೂ ಇಲ್ಲದೆ, ಕರವಸ್ತ್ರವೂ ಇಲ್ಲದೆ, ಎರಡೂ ಅಂಗೈ ಜೋಡಿಸಿ ಹಿಡಿದ. ಅವಳು ಬೊಗಸೆ ಬೊಗಸೆಯಾಗಿ ತುಂಬಿದಳು. ಒಂದು ಹಣ್ಣು ಉರುಳಿ ಬೀಳುವಾಗ ಇಬ್ಬರ ಬೆರಳೂ ಒಟ್ಟಿಗೆ ಹಿಡಿದವು. ಬಿಡುವುದನ್ನು ಇಬ್ಬರೂ ಕೊಂಚ ತಡಮಾಡಿದರು. ಎರಡೂ ಕೈ ತುಂಬಿದವನು ಏನು ತಾನೇ ಮಾಡಬಲ್ಲ? ಬಸ್ಸಿನವರೆಗೂ ಹಾಗೆಯೇ ಪ್ರಸಾದ ಹಿಡಿದವನಂತೆ ನಡೆದ. ಅವಳು ಪಕ್ಕದಲ್ಲಿ ನಡೆಯುತ್ತ, ಅವನ ಕೈಯಿಂದಲೇ ಒಂದೊಂದು ಹಣ್ಣು ತೆಗೆದು ತಿಂದಳು.

ಆ ಸಂಜೆ ತಂಗಿದ್ದು ಅದೇ ಊರಿನ ಚಿಕ್ಕ ಹೋಟೆಲಿನಲ್ಲಿ. ಏಳು ಗಂಟೆಯಾದರೂ ಬಿಸಿಲು ಹೊಸ್ತಿಲು ಬಿಟ್ಟು ಹೋಗಿರಲಿಲ್ಲ. ಯಜಮಾನಿ ಎಲ್ಲರ ಪಾಸ್‌ಪೋರ್ಟ್ ಕೇಳಿದಳು. ಈ ಪ್ರವಾಸಕ್ಕೆ ಬರಬೇಕಾಗಿದ್ದವನು ಆಫೀಸಿನ ಶ್ರವಣ್; ಅವನಿಗೆ ಜ್ವರ ಬಂತೆಂದು ಲತೇಶ ಕೊನೆಯ ಗಳಿಗೆಯಲ್ಲಿ ಹೊರಟಿದ್ದ. ಅವನ ಬಳಿ ಇದ್ದದ್ದು ಸೀಟಿನ ಪಟ್ಟಿ ಮಾತ್ರ. ಅದರಲ್ಲಿ 'ಪ್ರಾಪ್ತಿ ಎಂ.' ಎಂದಷ್ಟೇ ಇತ್ತು. ಈಗ ಅವಳ ಪಾಸ್‌ಪೋರ್ಟ್ ತೆರೆದ. ಮೊದಲ ಸಾಲಿನಲ್ಲಿ ಕುಲನಾಮ: ಸಾಲಿಯಾನ್.

ಅವನದೂ ಸಾಲಿಯಾನ್.

ತುಳುನಾಡಿನ ಮನೆಗಳಲ್ಲಿ ಅದು ಬರೀ ಹೆಸರಿನ ಬಾಲವಲ್ಲ. ಅದು 'ಬರಿ', ವಂಶದ ಗುರುತು. ಒಂದೇ ಬರಿಯವರು ಮುಖ ನೋಡಿರದಿದ್ದರೂ ಒಡಹುಟ್ಟಿದವರೇ. ಅವರ ನಡುವೆ ಮದುವೆಯ ಮಾತಿಲ್ಲ. ಲತೇಶನ ಸೋದರಮಾವ ದೀಪೇಶ ತನ್ನದೇ ಬರಿಯ ಹುಡುಗಿಯನ್ನು ಮೆಚ್ಚಿದ್ದ. ಅವಳನ್ನು ಇನ್ನೆಲ್ಲಿಗೋ ಕೊಟ್ಟರು. ಅವನು ಬಹರೈನಿಗೆ ಹೋದವನು ಹದಿನೇಳು ವರ್ಷಗಳಿಂದ ಊರಿಗೆ ಬಂದಿಲ್ಲ. ಮನೆಯ ದೈವದ ತಂಬಿಲದ ಪೂಜೆಯ ದಿನ ಅಮ್ಮ ಈಗಲೂ ಆ ತಮ್ಮನಿಗೆಂದು ಊಟಕ್ಕೆ ಒಂದು ಎಲೆ ಹೆಚ್ಚು ಹಾಕಿ, ಆಮೇಲೆ ತಾವೇ ಅದನ್ನು ಮಡಚಿ ತೆಗೆಯುತ್ತಾರೆ. ಆ ಮಡಚಿದ ಎಲೆಯನ್ನು ನೋಡುತ್ತಲೇ ಬೆಳೆದವನು ಲತೇಶ.

ಪಾಸ್‌ಪೋರ್ಟ್ ಮುಚ್ಚಿದ. ಕೈಯಲ್ಲಿ ಚೆರಿಯ ಕೆಂಪು ಇನ್ನೂ ಇತ್ತು.

ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಪ್ರಾಪ್ತಿ ತನ್ನ ಪಕ್ಕದ ಕುರ್ಚಿಯ ಮೇಲಿನ ಚೀಲ ತೆಗೆದು ಜಾಗ ಮಾಡಿದಳು. ಅವನು ಕೂರಲಿಲ್ಲ.

"ಕಾಫಿ ಬೇಕಾ ತಂಗಿ?" ಎಂದ.

ಅವಳು ತಲೆಯೆತ್ತಿ ನೋಡಿದಳು. ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ಕಾದಳು. ಅವನು ಮತ್ತೆ ಹೇಳಲಿಲ್ಲ. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

"ಬೇಡ," ಎಂದಳು, ಚೀಲವನ್ನು ಕುರ್ಚಿಯ ಮೇಲೆ ಮತ್ತೆ ಇಟ್ಟು.

ಉಳಿದ ನಾಲ್ಕು ದಿನ ಅವನು ಕಾರಣ ಹೇಳಲಿಲ್ಲ. ಹೇಳಿದರೆ ಆಸೆಯನ್ನೂ ಹೇಳಬೇಕಾಗುತ್ತದೆ. ಒಡಹುಟ್ಟಿದವಳೆದುರು ಆ ಮಾತು ಆಡುವುದುಂಟೇ? ಮೂರು ದಿನ ದರ್ಭೆಯ ಮೇಲೆ ಮಲಗಿ ಕಡಲನ್ನು ಬೇಡಿದ ರಾಮನಾದರೂ ಕೊನೆಗೆ ಬಿಲ್ಲೆತ್ತಿದ. ಲತೇಶನ ಕೈಯಲ್ಲಿ ಬಿಲ್ಲೂ ಇರಲಿಲ್ಲ. ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಎಳೆಯುತ್ತ ಅವಳು ಒಮ್ಮೆ ನಿಂತಳು.

"ಥ್ಯಾಂಕ್ಸ್ ಅಣ್ಣ."

ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ತಲೆ ಸವರಿದ ಸೇರು.

*

ಮೂರು ವಾರಗಳ ಮೇಲೊಂದು ಗುರುವಾರ, ಹಂಪನಕಟ್ಟೆಯ ಟ್ರಾವೆಲ್ಸ್ ಆಫೀಸಿಗೆ ಅಮ್ಮಣಿಯಕ್ಕ ಏದುಸಿರು ಬಿಡುತ್ತ ಹತ್ತಿ ಬಂದರು. ಕೈಯಲ್ಲಿ ಹಲಸಿನ ಹಪ್ಪಳದ ಡಬ್ಬ. ವೀಸಾ ಕೆಲಸ ನೋಡುವ ಆರಿಫಾ ಕುರ್ಚಿ ಕೊಟ್ಟಳು.

"ಇದು ನಿಮಗೆಲ್ಲ. ನನ್ನನ್ನು ಕಾಣೆ ಮಾಡದೆ ಊರಿಗೆ ತಂದದ್ದಕ್ಕೆ," ಎಂದು ಡಬ್ಬ ಇಟ್ಟು, ಲತೇಶನನ್ನು ಮೇಲೆ ಕೆಳಗೆ ನೋಡಿದರು. "ಎಂತ ಮಾರಾಯ, ಬಡಕಲಾಗಿದ್ದೀ."

"ಏನಿಲ್ಲ ಅಮ್ಮಣಿಯಕ್ಕ. ಮನೆಯಲ್ಲಿ ಎಲ್ಲರೂ ಸೌಖ್ಯವಾ?"

"ಸೌಖ್ಯ. ಪ್ರಾಪ್ತಿಯನ್ನು ನೋಡ್ಲಿಕ್ಕೆ ಭಾನುವಾರ ಜನ ಬರ್ತಾರೆ. ಹುಡುಗ ದುಬೈಯಲ್ಲಿ. ಇಷ್ಟು ದಿನ ಯಾರ ಮಾತು ತೆಗೆದ್ರೂ ನೂರು ಪ್ರಶ್ನೆ ಕೇಳ್ತಿದ್ದವಳು, ಈ ಸಲ ತಲೆಯೆತ್ತದೆ 'ಆಗಬಹುದು' ಅಂದಳು. ನನಗೆ ಅದೇ ಸರಿ ಕಾಣ್ಲಿಲ್ಲ."

ಲತೇಶ ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ, ಅದೇ ಜಾಗದಲ್ಲಿ ಇಟ್ಟ.

"ನಿನಗೂ ಒಂದು ಹುಡುಗಿ ನೋಡ್ತೇನೆ. ಬರಿ ಯಾವುದು ನಿನ್ನದು?"

"ಸಾಲಿಯಾನ್."

"ಹೌದಾ? ನನ್ನದೂ ಅದೇ. ಹಾಗಾದ್ರೆ ನೀನು ನನಗೆ ಮಗನೇ ಆದೆ."

"ಗೊತ್ತುಂಟು. ಪ್ರಾಪ್ತಿಯವರದ್ದೂ ಅದೇ ಅಲ್ವಾ."

"ಪ್ರಾಪ್ತಿಯದ್ದಾ? ಯಾರು ಹೇಳಿದ್ದು?"

"ಪಾಸ್‌ಪೋರ್ಟಿನಲ್ಲಿ ನೋಡಿದೆ."

ಅಮ್ಮಣಿಯಕ್ಕ ನಗತೊಡಗಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. "ಪಾಸ್‌ಪೋರ್ಟ್ ನೋಡಿ ಬರಿ ಹೇಳುವವನನ್ನು ಇವತ್ತೇ ನೋಡಿದ್ದು. ಅದು ಶಾಲೆಗೆ ಸೇರಿಸುವಾಗ ನನ್ನ ತಮ್ಮ ಮೋಹನದಾಸ ತನ್ನ ಹೆಸರಿನ ಬಾಲ ಅಂಟಿಸಿದ್ದು. ಬರಿ ಬರುವುದು ತಾಯಿಯಿಂದ ಅಲ್ವಾ? ಅವಳ ಅಮ್ಮ ಕೋಟ್ಯಾನ್. ಅವಳೂ ಕೋಟ್ಯಾನ್."

ಅಷ್ಟು ಹೇಳಿದವರ ನಗು ತಾನಾಗಿ ನಿಂತಿತು. ಅವನ ಮುಖ ನೋಡಿದರು. ಆರಿಫಾ ಟೈಪ್ ಮಾಡುವುದನ್ನು ನಿಲ್ಲಿಸಿದ್ದಳು.

ಲತೇಶನಿಗೆ ಗೊತ್ತಿಲ್ಲದ ವಿಷಯವಲ್ಲ ಅದು. ಅವನ ಮನೆಯಲ್ಲಿ ಅಮ್ಮನ ಬರಿಯನ್ನೇ ಎಲ್ಲ ಕಾಗದಕ್ಕೂ ಬರೆಸಿದ್ದರು. ಎಲ್ಲರ ಮನೆಯಲ್ಲೂ ಹಾಗೆಯೇ ಎಂದುಕೊಂಡಿದ್ದ. ಒಂದು ಪ್ರಶ್ನೆ ಕೇಳಿದ್ದರೆ ಮುಗಿಯುತ್ತಿತ್ತು.

"ಅದಕ್ಕಾ ಅವಳನ್ನು ತಂಗಿ ಅಂದದ್ದು?" ಅಮ್ಮಣಿಯಕ್ಕನ ದನಿ ಇಳಿದಿತ್ತು. "ಆ ದಿನದಿಂದ ಅವಳು ಸರಿಯಾಗಿ ಊಟ ಮಾಡಿಲ್ಲ, ಗೊತ್ತುಂಟಾ? ಈಗ ಹೇಳು. ನೀನು ನನಗೆ ಮಗ, ನಾನು ಅವಳಿಗೆ ಸೋದರತ್ತೆ. ಹಾಗಾದ್ರೆ ನೀನು ಅವಳಿಗೆ ಎಂತ ಆಗ್ತೀ?"

"ಭಾವ," ಎಂದ ಅವನು. ಸೋದರತ್ತೆಯ ಮಗ, ಮದುವೆಗೆ ಒಪ್ಪುವ ನಂಟು.

"ಮತ್ತೆ?"

"ನೀವೇ ಅವರಿಗೆ ಒಂದು ಮಾತು..."

"ನಾನು ಹೇಳುವುದಿಲ್ಲ. ನಾನು ಹೇಳಿದ್ರೆ ಅದು ನನ್ನ ಮಾತಾಗ್ತದೆ." ಅವರು ಎದ್ದರು. "ಭಾನುವಾರಕ್ಕೆ ಮೂರು ದಿನ ಉಂಟು."

*

ಆಸ್ಪತ್ರೆಯಲ್ಲಿ ಅವನ ಟೋಕನ್ ಹನ್ನೊಂದು. ಬಿಳಿ ಕೋಟಿನ ಪ್ರಾಪ್ತಿ ಬಾಗಿಲು ತೆರೆದವಳು ಒಂದು ಕ್ಷಣ ಹಿಡಿಕೆ ಬಿಡಲಿಲ್ಲ.

"ಎಂತ ತೊಂದರೆ?"

ದಾರಿಯುದ್ದಕ್ಕೂ ಜೋಡಿಸಿ ತಂದ ಮಾತುಗಳು ಅಲ್ಲೇ ಚದುರಿದವು. "ಕಿವಿ... ವಿಮಾನದಿಂದ ಇಳಿದ ಮೇಲೆ..."

ಅವಳು ಅವನನ್ನು ಗಾಜಿನ ಕಿಟಕಿಯ ಚಿಕ್ಕ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ತೊಡಿಸಿದಳು. ದಪ್ಪ ಬಾಗಿಲು ಮುಚ್ಚಿದಾಗ ಜಗತ್ತಿನ ಸದ್ದೆಲ್ಲ ಆಚೆ ಉಳಿಯಿತು. ಆಮೇಲೆ ಅವಳ ದನಿ ಎರಡೂ ಕಿವಿಯೊಳಗೆ ಬಂತು, ಹಿಂದೆಂದೂ ಬಾರದಷ್ಟು ಹತ್ತಿರ.

"ನಾನು ಒಂದೊಂದು ಪದ ಹೇಳ್ತೇನೆ. ಕೇಳಿಸಿದ್ದನ್ನು ತಿರುಗಿ ಹೇಳಿ. ಮನೆ."

"ಮನೆ."

"ಮರ."

"ಮರ."

"ಕೊಡೆ."

"ಕೊಡೆ."

ಗಾಜಿನಾಚೆ ಅವಳು ಕಾಗದದಿಂದ ಕಣ್ಣೆತ್ತಿದಳು. "ತಂಗಿ."

ಅವನು ಸುಮ್ಮನಿದ್ದ. ಅವಳು ಗುಂಡಿ ತಿರುಗಿಸಿ ದನಿ ಹೆಚ್ಚಿಸಿದಳು.

"ತಂಗಿ. ಕೇಳಿಸಲಿಲ್ವಾ?"

"ಕೇಳಿಸ್ತು."

"ಹಾಗಾದ್ರೆ ಹೇಳಿ."

"ಹೇಳ್ಲಿಕ್ಕೆ ಆಗುವುದಿಲ್ಲ. ಅದು ತಪ್ಪು. ನಾನು ತಪ್ಪು ಮಾಡಿದೆ."

ಅವನು ಹೇಳಿದ. ಪಾಸ್‌ಪೋರ್ಟ್, ಸಾಲಿಯಾನ್, ಅಮ್ಮ ಮಡಚುವ ಎಲೆ, ನಿನ್ನೆ ಅಮ್ಮಣಿಯಕ್ಕ ನಕ್ಕದ್ದು. ಹಿಂದುಮುಂದಾಗಿ ಹೇಳಿದ, ತಡವರಿಸಿ ಹೇಳಿದ. ಅವಳು ಅಲ್ಲಾಡದೆ ಕೇಳಿದಳು.

"ಅಷ್ಟೇನಾ?" ಎಂದಳು ಕೊನೆಗೆ. "ತಪ್ಪಾಯ್ತು ಅಂತ ಹೇಳಿದ್ರಿ. ಸರಿ. ತಪ್ಪಾಗದಿದ್ರೆ ಆ ದಿನ ಬೆಳಿಗ್ಗೆ ಎಂತ ಹೇಳ್ತಿದ್ರಿ?"

"ಅದು..."

"ತಲೆ ಸವರಿ ಹೇಳ್ಬೇಡಿ."

ಅವನು ಎರಡೂ ಅಂಗೈ ಮೊಣಕಾಲ ಮೇಲೆ ತೆರೆದಿಟ್ಟು ಕುಳಿತಿದ್ದ, ಏನನ್ನೋ ತುಂಬಿಸಿಕೊಳ್ಳಲು ಬಂದವನಂತೆ. "ನಿಮ್ಮ ಪಕ್ಕ ಕೂರ್ತಿದ್ದೆ. ಮತ್ತೆ ಅಲ್ಲಿಂದ ಏಳ್ಲಿಕ್ಕೆ ನನಗೆ ಆಗ್ತಿರ್ಲಿಲ್ಲ. ಈಗಲೂ ಆಗುವುದಿಲ್ಲ. ನೀವು ಇಲ್ಲದ ಕಡೆ ನನಗೆ ಎಂತದೂ ಆಗುವುದಿಲ್ಲ ಪ್ರಾಪ್ತಿ. ಎಣಿಸ್ಲಿಕ್ಕೂ ಬರುವುದಿಲ್ಲ; ಪ್ರತಿ ಸಲ ಒಂದು ತಲೆ ಕಮ್ಮಿ ಬರ್ತದೆ."

ಅವಳು ಮೈಕಿನ ಸ್ವಿಚ್ ಆರಿಸಿದಳು. ಫೋನ್ ಎತ್ತಿದಳು. ಗಾಜಿನಾಚೆ ಅವಳ ತುಟಿ ಆಡಿದವು, ಒಂದಕ್ಷರವೂ ಕೇಳಿಸಲಿಲ್ಲ. ಅವಳು ಬೆನ್ನು ತಿರುಗಿಸಿದಳು. ಬೆರಳಿನಿಂದ ಕಣ್ಣಂಚು ಒತ್ತಿಕೊಂಡಳು. ಲತೇಶ ತನ್ನ ಇಡೀ ಬದುಕಿನಲ್ಲಿ ಕೇಳಲು ಇಷ್ಟು ಹಂಬಲಿಸಿದ್ದಿಲ್ಲ. ಕಿವಿ ತುಂಬ ಮೌನವೇ ಇತ್ತು.

ಮೈಕು ಟಿಕ್ ಎಂದಿತು.

"ಮಾಮಿಗೆ ಹೇಳಿದೆ. ಭಾನುವಾರ ದುಬೈಯವರು ಬರುವುದಿಲ್ಲ. ನಿಮ್ಮ ಅಮ್ಮನನ್ನು ಕರ್ಕೊಂಡು ನೀವು ಬರ್ಬೇಕಂತೆ."

ಅವನು ತಲೆಯಾಡಿಸಿದ.

ಹೊರಗೆ ಹನ್ನೆರಡನೆಯ ಟೋಕನಿನವರು ಬಾಗಿಲು ತಟ್ಟುತ್ತಿರಬೇಕು. ಅವಳು ಅತ್ತ ನೋಡಿ, ಕೈಸನ್ನೆಯಿಂದ ತಡೆದು, ಮತ್ತೆ ಮೈಕಿನ ಹತ್ತಿರ ಬಗ್ಗಿದಳು. ಈ ಸಲ ಕಣ್ಣಿನ ನಗುವನ್ನು ತುಟಿಗಳೂ ಒಪ್ಪಿಕೊಂಡಿದ್ದವು.

"ಆ ಕೊನೆಯದ್ದು ಇನ್ನೊಮ್ಮೆ ಹೇಳಿ ಭಾವ. ರೀಡಿಂಗ್ ಸರಿ ಬರ್ಲಿಲ್ಲ."