ಮುಳ್ಳು ಸಿಕ್ಕಿಕೊಳ್ಳುವ ಜಾಗ

“ಗೀರು ಬಿದ್ದದ್ದಿದ್ದರೆ ಕೊಡಿ.”

ಹಳೆಯ ರೆಕಾರ್ಡುಗಳ ಅಂಗಡಿಯವನು ತಲೆಯೆತ್ತಿದ. ಅಲ್ಲಿಗೆ ಬರುವವರೆಲ್ಲ ರೆಕಾರ್ಡನ್ನು ಬೆಳಕಿಗೆ ಹಿಡಿದು ಗೀರು ಹುಡುಕುವವರೇ. ಕಂಡರೆ ಮೂಗು ಮುರಿದು ವಾಪಸ್ಸಿಡುವರು. ಗೀರನ್ನೇ ಕೇಳಿಕೊಂಡು ಬಂದವಳು ಇವಳೊಬ್ಬಳು.

“ಚೆನ್ನಾಗಿರೋದೇ ಇದೆಯಲ್ಲ ಮೇಡಂ. ಬೆಲೆ ನೋಡಿ ಹಾಕ್ತೀನಿ.”

“ಬೇಡ. ಮುಳ್ಳು ಸಿಕ್ಕಿಕೊಂಡು ಹಾಡಿದ್ದೇ ಹಾಡಬೇಕು.”

“ಹಾಡಿದ್ದೇ ಹಾಡೋ ಕಿಸುಬಾಯಿ ದಾಸರು ಬೇಕಾದಷ್ಟಿದಾರೆ ನನ್ನ ಹತ್ರ,” ಎಂದು ಅವನು ಮೂಲೆಯ ಪೆಟ್ಟಿಗೆ ಎಳೆದ.

ಅವಳು ನಗಲಿಲ್ಲ. ಆದರೆ ತುಟಿಯ ಅಂಚು ಸ್ವಲ್ಪ ಅಲುಗಿದ್ದನ್ನು ಅವನು ನೋಡಿದ.

ಅಂದಿನಿಂದ ಅವಳು ಅವನಿಗೆ ‘ಗೀರು ಮೇಡಂ’. ವಾರಕ್ಕೊಮ್ಮೆ ಬರುವಳು. ಕೇಳಿ ಹಳತಾದವನ್ನು ಕೊಟ್ಟು, ಮೇಲೆ ಚಿಲ್ಲರೆ ಸೇರಿಸಿ, ಬೇರೆಯವನ್ನು ಒಯ್ಯುವಳು. ಯಾಕೆಂದು ಮಾತ್ರ ಹೇಳಲಿಲ್ಲ.

ಹೇಗೆ ಹೇಳಿಯಾಳು?

ಅಪ್ಪ ಯಾವತ್ತೂ ಬೇರೆಯವರು ಬೇಡವೆಂದ ರೆಕಾರ್ಡುಗಳನ್ನೇ ತರುತ್ತಿದ್ದ. “ನಿಮ್ಮಪ್ಪನ ಪ್ಲೇಟೆಲ್ಲ ಕುಂಟು ಕಣೇ,” ಎಂದು ಅಮ್ಮ ನಗುತ್ತಿದ್ದಳು. ಹಾಡು ಸಿಕ್ಕಿಕೊಂಡಾಗ ಅಪ್ಪ ಕುರ್ಚಿಯಿಂದೆದ್ದು ಹೋಗಿ, ಬೆರಳ ತುದಿಯಿಂದ ಮುಳ್ಳನ್ನು ದಾಟಿಸುವನು. ಆಮೇಲೆ ಕುರ್ಚಿಗೆ ಮರಳದೆ ಅಮ್ಮನ ಪಕ್ಕ ಕೂರುವನು.

ಅಪ್ಪ ಹೋದ. ಈ ಎರಡು ಕೋಣೆಯ ಬಾಡಿಗೆ ಮನೆಗೆ ಬರುವಾಗ, ಕುಂಟು ಪ್ಲೇಟು ಯಾರಿಗೆ ಬೇಕೆಂದು ಅಣ್ಣ ಎಲ್ಲವನ್ನೂ ಗುಜರಿಗೆ ಹಾಕಿದ. ಉಳಿದದ್ದು ಗ್ರಾಮಫೋನು ಮತ್ತು ಅಪ್ಪನ ಕುರ್ಚಿ ಮಾತ್ರ. ಅಮ್ಮನ ನೆನಪು ಆಗಲೇ ಸೋರತೊಡಗಿತ್ತು. ಬರಬರುತ್ತ ಊಟಕ್ಕೂ ಬಾಯಿ ಬಿಡದಾದಳು.

ಒಮ್ಮೆ ಮಗಳು ಎಲ್ಲಿಂದಲೋ ತಂದ ರೆಕಾರ್ಡು ನಡುವೆ ಸಿಕ್ಕಿಕೊಂಡಿತು. ಎದ್ದು ಹೋಗಿ ಮುಳ್ಳು ದಾಟಿಸಿದಳು. ಅಮ್ಮ ಮುಖವರಳಿಸಿ, “ಬಂದ್ರಾ?” ಎಂದು ತುತ್ತಿಗೆ ಬಾಯಿ ತೆರೆದಳು.

ಅಂದಿನಿಂದ ಮಗಳು ಗಾಣದೆತ್ತು. ಹಗಲೆಲ್ಲ ದರ್ಜಿ ಕಳಿಸಿದ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುವುದು, ಊಟದ ಹೊತ್ತಿಗೆ ಅಪ್ಪನಾಗಿ ಏಳುವುದು. ಅಮ್ಮ ಉಂಡು ಸುಮ್ಮನಿದ್ದರೆ ಮಾತ್ರ ಪಕ್ಕದ ಮನೆಯಾಕೆ ಬಂದು ಕೂರುವಳು. ಆ ಬಿಡುವಿನಲ್ಲೇ ಅಂಗಡಿ… ಅವನು.

ಒಂದು ವಾರ ತನ್ನಲ್ಲಿದ್ದ ಎಲ್ಲವನ್ನೂ ಬದಲಿಗೆ ಕೊಟ್ಟು ಹೊಸ ಕಟ್ಟು ತಂದಳು. ಸಂಜೆ ಮುಳ್ಳಿಟ್ಟಳು. ಹಾಡು ನೀರಿನಂತೆ ಹರಿದು ಮುಗಿಯಿತು. ಇನ್ನೊಂದೂ ಹಾಗೇ. ಹರಕು ಲಕೋಟೆಗಳೊಳಗೆ ಅವನು ಒಂದೂ ಗೀರಿಲ್ಲದ ರೆಕಾರ್ಡುಗಳನ್ನು ಇಟ್ಟಿದ್ದ!

ಅಮ್ಮ ಖಾಲಿ ಕುರ್ಚಿ ನೋಡಿದಳು. “ಬರ್ಲಿಲ್ಲ,” ಎಂದು ತುಟಿ ಬಿಗಿದಳು.

ಮಗಳು ಸುಮ್ಮನೇ ಎದ್ದು ಮುಳ್ಳು ಮುಟ್ಟಿದರೆ, “ಹಾಡ್ತಾ ಇದೆಯಲ್ಲ, ಯಾಕೆ ಮುಟ್ತೀಯ?” ಎಂದು ಅಮ್ಮ ತಟ್ಟೆ ತಳ್ಳಿದಳು. ಹೊಲಿಗೆಯ ಸೂಜಿಯಿಂದ ಗೀರಿದರೆ ರೆಕಾರ್ಡು ಕರಕರ ಎಂದಿತೇ ಹೊರತು ನಿಲ್ಲಲಿಲ್ಲ.

“ನಿಮ್ಮಮ್ಮ ರಂಪ ಮಾಡಿದ್ರೆ ನನ್ನ ಕೈಲಾಗಲ್ಲ ಕಣಮ್ಮ,” ಎಂದಳು ಪಕ್ಕದ ಮನೆಯಾಕೆ. ಬಾಗಿಲು ಮುಚ್ಚಿತು. ಕಿಟಕಿಯಾಚೆ ಬೀದಿ ತನ್ನ ಪಾಡಿಗೆ ನಡೆಯುತ್ತಿತ್ತು.

‘ಗೀರಿನ ಬೆಲೆಗೆ ಒಳ್ಳೆಯದನ್ನು ಕೊಟ್ಟು, ನನ್ನನ್ನು ಗತಿಯಿಲ್ಲದವಳು ಅಂದುಕೊಂಡನಲ್ಲ. ಅವನೂ…’

ಕೊನೆಗೆ ಅವನೇ, ಅವಳು ಅಂಗಿ ಒಪ್ಪಿಸುತ್ತಿದ್ದ ಪಕ್ಕದ ಅಂಗಡಿಯ ದರ್ಜಿಯನ್ನು ವಿಚಾರಿಸಿ ಮನೆ ಹುಡುಕಿಕೊಂಡು ಬಂದ.

“ಅಂಗಡಿ ಕಡೆ ಬರ್ಲೇ ಇಲ್ಲ ನೀವು…”

“ನಿಮ್ಮ ದಾನ ವಾಪಸ್ ತಗೊಂಡು ಹೋಗಿ.”

“ದಾನ ಅಲ್ಲ. ಕೆಟ್ಟಿರೋದನ್ನ ನಿಮ್ಮ ಕೈಗೆ ಕೊಡೋಕೆ ಮನಸ್ಸು ಬರ್ಲಿಲ್ಲ, ಅಷ್ಟೇ.”

ಒಳಗಿನಿಂದ, “ಬರ್ಲಿಲ್ಲ… ಬರ್ಲಿಲ್ಲ,” ಎಂಬ ದನಿ. ಅವಳ ಕಟ್ಟೆ ಒಡೆಯಿತು. ಯಾರಿಗೂ ಹೇಳದ್ದನ್ನು ಹೊಸ್ತಿಲಲ್ಲಿ ನಿಂತೇ ಹೇಳಿದಳು.

ಅವನು ಮೆಟ್ಟಿಲಿಳಿದು ಹೋದ. ‘ಹೋಗಲಿ. ಈ ಗಾಣಕ್ಕೆ ಯಾರು ತಾನೇ ಹೆಗಲು ಕೊಟ್ಟಾರು?’

ಅಮ್ಮನ ಮುಂದೆ ತಟ್ಟೆ ಹಿಡಿದು ಕೂತಿದ್ದಾಗ ಮತ್ತೆ ಬಾಗಿಲು ಸದ್ದಾಯಿತು. ಅವನ ಕಂಕುಳಲ್ಲಿ ಅವಳೇ ಹಿಂದಿರುಗಿಸಿದ್ದ ರೆಕಾರ್ಡುಗಳು.

“ಇವನ್ನ ಮಾರಿಲ್ವಾ?”

“ನೀವು ಮುಟ್ಟಿದ್ದು. ಮಾರೋಕಾಗಲಿಲ್ಲ.”

ಮೇಲಿನದನ್ನೇ ಹಾಕಿ ಖಾಲಿ ಕುರ್ಚಿಯಲ್ಲಿ ಕೂತ. ಹಾಡುತ್ತ ಹಾಡುತ್ತ ಗಾಯಕಿ ಒಂದು ಪದಕ್ಕೆ ಸಿಕ್ಕಿಕೊಂಡಳು. ಇನ್ನೂ… ಇನ್ನೂ… ಇನ್ನೂ…

ಅಮ್ಮ ಕತ್ತೆತ್ತಿದಳು. ಮಗಳು ಎಂಜಲು ಕೈಯಲ್ಲೇ ಏಳಹೋದಳು.

“ನೀವು ಕೂತ್ಕೊಳ್ಳಿ.”

ಕುರ್ಚಿಯಿಂದೆದ್ದ ಅವನು ಒಂದೇ ಬೆರಳಿನಿಂದ ಮುಳ್ಳು ದಾಟಿಸಿದ.

“ಬಂದ್ರಾ?” ಎಂದಳು ಅಮ್ಮ.

ಅವನು ಕಕ್ಕಾಬಿಕ್ಕಿಯಾದ. “‘ಬಂದೆ’ ಅನ್ನಿ,” ಎಂದು ಮಗಳು ಪಿಸುಗುಟ್ಟಿದಳು.

“ಬಂದೆ.”

ಅಮ್ಮ ಬಾಯಿ ತೆರೆದಳು. ತುತ್ತಿಟ್ಟವಳಿಗೆ ಆಗ ಅರಿವಾಯಿತು, ಮುಳ್ಳು ದಾಟಿದ ಮೇಲಿನ ಸಾಲನ್ನು ತಾನು ಏಳದೆ, ಕೂತಲ್ಲಿಂದಲೇ ಕೇಳುತ್ತಿದ್ದೇನೆ ಎಂದು. ಅಪ್ಪ ಹೋದ ಮೇಲೆ ಇದೇ ಮೊದಲು. ಕಣ್ಣು ತುಂಬಿತು.

“ನಾಳೆನೂ ಸಿಕ್ಕಿಕೊಳ್ಳುತ್ತೆ ಇದು. ಮುಗಿಯೋ ಕೆಲಸ ಅಲ್ಲ,” ಎಂದಳು ಅವನತ್ತ ನೋಡದೆ.

“ಗೊತ್ತು. ಅದಕ್ಕೇ ಕೇಳ್ತಿದೀನಿ. ದಿನಾ ನಾನೇ ಏಳ್ಲಾ?”

ಹಾಡು ಸ್ವಲ್ಪ ದೂರ ಹೋಯಿತು. ಅವನು ಕುರ್ಚಿಯತ್ತ ತಿರುಗಿದ.

“ಈ ಮನೇಲಿ ಎದ್ದವರು ಮತ್ತೆ ಕುರ್ಚಿಗೆ ಹೋಗೋ ಹಾಗಿಲ್ಲ,” ಎಂದಳವಳು.

“ಮತ್ತೆ?”

ಅವಳು ಚಾಪೆಯ ಮೇಲೆ ಸ್ವಲ್ಪ ಸರಿದು ಕೂತಳು.

“ಇಲ್ಲಿ.”